ಕ್ರಿ.ಶ. 69ರಲ್ಲಿ ರೋಮ್‌ ಒಂದೇ ವರ್ಷ ನಾಲ್ವರು ಚಕ್ರವರ್ತಿಗಳನ್ನು ಕಂಡದ್ದೇಕೆ?

ಚಕ್ರವರ್ತಿ ನೀರೋ 68ರ ಜೂನ್‌ನಲ್ಲಿ ವಾರಸುದಾರನಿಲ್ಲದೆ ಸತ್ತ. ಗದ್ದುಗೆಗೇರಿದ ಗಾಲ್ಬಾ, ತನ್ನ ಹೆಸರಿನಲ್ಲಿ ಚಕ್ರವರ್ತಿಯ ಕಾವಲುಪಡೆಗೆ ಮಾತು ಕೊಟ್ಟಿದ್ದ ಇನಾಮನ್ನು ಕೊಡಲೇ ಇಲ್ಲ: ಸೈನಿಕರನ್ನು ಆರಿಸುತ್ತೇನೆ, ಕೊಳ್ಳುವುದಿಲ್ಲ ಎಂದ. ಮಾತೇನೋ ಗಟ್ಟಿ, ಆದರೆ ಅದೇ ಮುಳುವಾಯಿತು. 69ರ ಜನವರಿ 1ರಂದು ರೈನ್ ಗಡಿಯ ಮೈನ್ಜ್‌ನ ದಂಡು ನಿಷ್ಠೆಯ ಪ್ರಮಾಣಕ್ಕೆ ಒಲ್ಲೆ ಎಂದಿತು. ಮರುದಿನ ಕಲೋನ್‌ನಲ್ಲಿ ಅಲ್ಲಿನ ಸೇನಾಧಿಪತಿ ವಿಟೆಲಿಯಸ್‌ಗೆ ಚಕ್ರವರ್ತಿಯೆಂದು ಜೈಕಾರ. ಗಾಲ್ಬಾ ತನ್ನನ್ನು ಬಿಟ್ಟು ಪಿಸೋ ಎಂಬ ಕುಲೀನನನ್ನು ವಾರಸುದಾರನಾಗಿ ದತ್ತು ತೆಗೆದುಕೊಂಡನೆಂದು ಕುದಿದ ಅವನ ಬೆಂಬಲಿಗ ಓಥೋ, ಕಾವಲುಪಡೆಯನ್ನು ಒಳಗೆ ಹಾಕಿಕೊಂಡು 15ರಂದು ಫೋರಂ ಚೌಕದಲ್ಲೇ ಗಾಲ್ಬಾನನ್ನು ಕೊಲ್ಲಿಸಿ ತಾನೇ ಚಕ್ರವರ್ತಿಯಾದ.

ಏಪ್ರಿಲ್‌ನಲ್ಲಿ ಉತ್ತರ ಇಟಲಿಯ ಬೆಡ್ರಿಯಾಕಮ್ ಬಳಿ ವಿಟೆಲಿಯಸ್‌ನ ಪಡೆಗೆ ಸೋತ ಓಥೋ ಆತ್ಮಹತ್ಯೆ ಮಾಡಿಕೊಂಡ. ಜುಲೈ 1ರಂದು ಅಲೆಕ್ಸಾಂಡ್ರಿಯಾದಲ್ಲಿ ಪೂರ್ವದ ಸೇನಾಪತಿ ವೆಸ್ಪಾಸಿಯನ್‌ ಚಕ್ರವರ್ತಿಯೆಂಬ ಘೋಷಣೆ. ಈಜಿಪ್ಟ್ ಎಂದರೆ ರೋಮ್‌ನ ಧಾನ್ಯದ ಕಣಜ, ಹಾಗಾಗಿ ಊರಿನ ಹೊಟ್ಟೆಯೇ ಅವನ ಕೈಗೆ ಸಿಕ್ಕಿತು. ಆದರೂ ಕೊನೆಯ ಏಟು ಕೊಟ್ಟದ್ದು ಅವನ ಪರ ನಿಂತ ಡ್ಯಾನ್ಯೂಬ್ ಪಡೆಗಳು: ಅಕ್ಟೋಬರ್‌ನಲ್ಲಿ ಅದೇ ಬೆಡ್ರಿಯಾಕಮ್ ಬಳಿ ಗೆದ್ದು, ಡಿಸೆಂಬರ್ 20ರಂದು ವಿಟೆಲಿಯಸ್‌ನನ್ನು ರೋಮ್‌ನಲ್ಲೇ ಮುಗಿಸಿದವು.