ಕೊಲಂಬಸ್ ಹೆಸರಲ್ಲಿ ಅಮೆರಿಕದಲ್ಲಿ ಸರ್ಕಾರಿ ರಜೆ ಇದೆಯಂತೆ. ಅವನು ಅದಕ್ಕೆ ಯೋಗ್ಯನೇ?

ನನ್ನ ಮಟ್ಟಿಗೆ ಅಲ್ಲ. ಆದರೆ ಆ ರಜೆಯನ್ನು ಬಿಡಲೊಲ್ಲದವರ ಮೇಲೆ ನನಗೆ ಸಿಟ್ಟೂ ಇಲ್ಲ.

ಇಲ್ಲಿ ನ್ಯೂಜೆರ್ಸಿಯಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳುತ್ತಾರೆ: ಐನೂರು ವರ್ಷದ ಹಿಂದಿನವನನ್ನು ಇವತ್ತಿನ ತಕ್ಕಡಿಯಲ್ಲಿ ತೂಗಬೇಡಿ. ಆಯ್ತು, ಅವನ ಕಾಲದ ತಕ್ಕಡಿಯಲ್ಲೇ ತೂಗೋಣ.

1492ರ ಅಕ್ಟೋಬರ್ 12ರಂದು ಅವನು ಇಳಿದದ್ದು ಬಹಾಮಾಸ್‌ನ ಒಂದು ದ್ವೀಪದಲ್ಲಿ. ಇಂದಿನ ಅಮೆರಿಕದ ಮುಖ್ಯ ಭೂಭಾಗಕ್ಕೆ ಅವನು ಕಾಲಿಡಲೇ ಇಲ್ಲ. ಆ ಯಾತ್ರೆಯಲ್ಲಿ ಅಲ್ಲಿನ ಟೈನೊ ಜನಕ್ಕೆ ಗಾಜಿನ ಮಣಿ ಹಂಚಿದ, ಬೇಟೆಯ ಗಿಡುಗಗಳ ಕಾಲಿಗೆ ಕಟ್ಟುವ ಪುಟ್ಟ ಗೆಜ್ಜೆಗಳನ್ನೂ ಹಂಚಿದ. ಅವರು ಖುಷಿಯಿಂದಲೇ ತೆಗೆದುಕೊಂಡರು. ಕೆಲವೇ ವರ್ಷಗಳಲ್ಲಿ ಅದೇ ಗೆಜ್ಜೆ ಕಂದಾಯದ ಅಳತೆಯಾಯಿತು. ಹಿಸ್ಪಾನಿಯೋಲಾ ದ್ವೀಪದ (ಇಂದಿನ ಹೈಟಿ, ಡೊಮಿನಿಕನ್ ರಿಪಬ್ಲಿಕ್) ಚಿನ್ನದ ಸೀಮೆಯಲ್ಲಿ 14 ವರ್ಷ ತುಂಬಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಚಿನ್ನ ತಂದೊಪ್ಪಿಸಬೇಕು. ಹೊಳೆಯ ಮರಳಲ್ಲಿ ಅಷ್ಟು ಚಿನ್ನ ಇದ್ದರೆ ತಾನೆ? 1495ರಲ್ಲಿ ಸುಮಾರು 500 ಜನರನ್ನು ಹಡಗಿಗೆ ತುಂಬಿ ಸ್ಪೇನ್‌ಗೆ ಮಾರಲು ಕಳಿಸಿದ. ಅವರಲ್ಲಿ 200ರಷ್ಟು ಮಂದಿ ದಾರಿಯಲ್ಲೇ ಸತ್ತರು.

ಇದನ್ನು ಆ ಕಾಲ ಒಪ್ಪಿತೇ? 1500ರಲ್ಲಿ ರಾಣಿ ಇಸಾಬೆಲಾಳ ಸರ್ಕಾರವೇ ಹಾಗೆ ತಂದವರನ್ನು ಬಿಡಿಸಿ ವಾಪಸ್ ಕಳಿಸಲು ಆಜ್ಞೆ ಹೊರಡಿಸಿತು. ಅದೇ ವರ್ಷ, ಅವನ ಆಡಳಿತದ ಮೇಲಿನ ದೂರು ವಿಚಾರಿಸಲು ಬಂದ ಬೊಬಾಡಿಯಾ ಅವನಿಗೆ ಬೇಡಿ ತೊಡಿಸಿ ಸ್ಪೇನ್‌ಗೆ ರವಾನಿಸಿದ. ರಾಜದಂಪತಿ ಬಿಡುಗಡೆಯೇನೋ ಮಾಡಿದರು, ಗವರ್ನರ್ ಹುದ್ದೆ ಮಾತ್ರ ಮರಳಿ ಕೊಡಲಿಲ್ಲ. ಟೈನೊಗಳನ್ನು ಕೊಂದದ್ದು ಸಿಡುಬು ಎನ್ನುವವರೂ ಇದ್ದಾರೆ. ಸಿಡುಬು ಅಲ್ಲಿಗೆ ಬಂದದ್ದು 1518ರ ಹೊತ್ತಿಗೆ, ಅಷ್ಟರಲ್ಲೇ ಅವರ ಸಂಖ್ಯೆ ನೆಲಕಚ್ಚಿತ್ತು.

ಹಾಗಾದರೆ ರಜೆ ಯಾಕೆ? ಅದು ಇಟಲಿಯಿಂದ ವಲಸೆ ಬಂದವರ ಕಥೆ. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಜನರ ಗುಂಪು ಜೈಲಿಗೆ ನುಗ್ಗಿ 11 ಇಟಾಲಿಯನ್ನರನ್ನು ಕೊಂದಿತು. ಪೊಲೀಸ್ ಮುಖ್ಯಸ್ಥನ ಕೊಲೆಯ ಆರೋಪ ಅವರ ಮೇಲಿತ್ತು, ಆದರೆ ಕೋರ್ಟು ಯಾರನ್ನೂ ಅಪರಾಧಿ ಎಂದಿರಲಿಲ್ಲ. ಮರುವರ್ಷ ಅಧ್ಯಕ್ಷ ಹ್ಯಾರಿಸನ್ ಕೊಲಂಬಸ್ ಯಾನದ 400ನೇ ವರ್ಷಾಚರಣೆಗೆ ಕರೆ ಕೊಟ್ಟರು. 'ನಾವೂ ಈ ದೇಶದವರೇ' ಎನ್ನಲು ಆ ಬಡವರಿಗೆ ಸಿಕ್ಕ ದೊಡ್ಡ ಹೆಸರು ಇಟಲಿಯ ಜಿನೋವಾದಲ್ಲಿ ಹುಟ್ಟಿದ ಈ ನಾವಿಕನದು. ಆ ಹಂಬಲ ವಲಸೆ ಬಂದ ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಹಾಗಂತ ಅವರ ಕಷ್ಟಕ್ಕೆ ಸಲ್ಲಬೇಕಾದ ಗೌರವ ಇವನಿಗೇ ಯಾಕೆ ಹೋಗಬೇಕು? ಇಟಾಲಿಯನ್ ವಲಸಿಗರ ದಿನ ಅಂತಲೇ ನೇರವಾಗಿ ಹೆಸರಿಡಲಿ, ನಾನೂ ಮೆರವಣಿಗೆ ನೋಡಲು ಹೋಗುತ್ತೇನೆ.

ನಮ್ಮಲ್ಲಿ ಯಾರೂ ವಾಸ್ಕೋ ಡ ಗಾಮನಿಗೆ ರಜೆ ಕೇಳುವುದಿಲ್ಲ. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು 1502ರಲ್ಲಿ ಜನರ ಸಮೇತ ಸುಟ್ಟವನು ಅವನು. ಆದರೂ ಗೋವಾದಲ್ಲಿ ಅವನ ಹೆಸರಿನ ಊರಿದೆ, ಅದು ಬೇರೆ ಮಾತು.

ಈಗಿನ ಸ್ಥಿತಿ ಹೀಗಿದೆ: ಫೆಡರಲ್ ಕಾನೂನಿನ ಪ್ರಕಾರ ಅಕ್ಟೋಬರ್‌ನ ಎರಡನೇ ಸೋಮವಾರ ಇನ್ನೂ ಕೊಲಂಬಸ್ ಡೇ. ಬರ್ಕ್ಲಿ ನಗರ 1992ರಲ್ಲೇ ಅದನ್ನು ಮೂಲನಿವಾಸಿಗಳ ದಿನವಾಗಿ ಬದಲಿಸಿತು, ಆಮೇಲೆ ಎಷ್ಟೋ ಊರುಗಳು, ರಾಜ್ಯಗಳು ಅದೇ ದಾರಿ ಹಿಡಿದವು. ಅವನು ಮೊದಲು ಇಳಿದ ಬಹಾಮಾಸ್ ದೇಶವೂ 'ಡಿಸ್ಕವರಿ ಡೇ' ಕೈಬಿಟ್ಟು, ಆ ರಜೆಯನ್ನು ತನ್ನ ರಾಷ್ಟ್ರವೀರರ ಹೆಸರಿಗೆ ಮಾಡಿಕೊಂಡಿದೆ. ಇಲ್ಲಿ ಆ ದಿನ ಬ್ಯಾಂಕು, ಪೋಸ್ಟ್ ಆಫೀಸು ಮುಚ್ಚಿರುತ್ತವೆ. ನನ್ನಂಥ ಐಟಿಯವರಿಗೆ ಹೇಗಿದ್ದರೂ ಕೆಲಸ.