ಪಂಚಮಿಯ ತಾಟಿಗೆ ಮರಳಿ ಏನು ಕೊಡಬೇಕು?

ಮೈಸೂರಿನಿಂದ ಧಾರವಾಡಕ್ಕೆ ಬಂದಿರುವ ತಾವು, ನಾಗರ ಪಂಚಮಿಗೆ ನೆರೆಮನೆಯವರು ಉಂಡೆಗಳ ತಾಟು ಕೊಟ್ಟಿದ್ದಾರೆ, ಮರಳಿ ಏನು ಕೊಡಬೇಕು, ಈ ಹಬ್ಬ ಇಲ್ಲಿ ಇಷ್ಟು ದೊಡ್ಡದೇಕೆ ಎಂದು ಕೇಳಿದ್ದೀರಿ.

ನಮ್ಮ ಕಡೆ ಪಂಚಮಿ ಮುಖ್ಯವಾಗಿ ಹೆಣ್ಣುಮಕ್ಕಳ ಹಬ್ಬ. ಮದುವೆಯಾದ ಮಗಳನ್ನು ಅಣ್ಣನೋ ತಮ್ಮನೋ ಹೋಗಿ ತವರಿಗೆ ಕರೆತರುತ್ತಾನೆ, ಜೋಕಾಲಿ ಕಟ್ಟುತ್ತಾರೆ, ಶೇಂಗಾ, ಎಳ್ಳು, ರವೆಯ ಉಂಡೆಗಳೂ ಜೋಳದ ಅಳ್ಳೂ ಡಬ್ಬಿ ತುಂಬುತ್ತವೆ. ಕೊಬ್ಬರಿ ಬಟ್ಟಲಿನಲ್ಲಿ ಹಾಲು ತುಂಬಿ, ಬೆಲ್ಲದ ಚೂರನ್ನು ಅದರಲ್ಲಿ ಅದ್ದಿ, "ದೇವರ ಪಾಲು, ಗುರುವಿನ ಪಾಲು" ಎಂದು ಆರಂಭಿಸಿ, ಮನೆಯ ಪ್ರತಿಯೊಬ್ಬರ, ದೂರದೂರಿನಲ್ಲಿರುವವರ ಹೆಸರನ್ನೂ ಬಿಡದೆ ಹೇಳುತ್ತ ನಾಗಪ್ಪನಿಗೆ ಹಾಲೆರೆಯುತ್ತಾರೆ.

1956ರವರೆಗೆ ಧಾರವಾಡ ಮುಂಬಯಿ ಆಡಳಿತದಲ್ಲಿದ್ದುದರಿಂದ ಇದು ಮರಾಠಿ ಪ್ರಭಾವವೆನ್ನುವವರಿದ್ದಾರೆ. ನನಗೆ ಆ ವಾದ ಅಷ್ಟಾಗಿ ಒಪ್ಪಿಗೆಯಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿದ್ದ ರಾಯಚೂರು, ಕೊಪ್ಪಳದ ಕಡೆಯೂ ಇದೇ ಉಂಡೆ, ಇದೇ ಜೋಕಾಲಿ ಇವೆ.

ತಾಟನ್ನು ಮಾತ್ರ ಬರಿದಾಗಿ ಮರಳಿಸಬೇಡಿ. ಉಂಡೆಗೆ ಉಂಡೆಯನ್ನೇ ಕೊಡಬೇಕೆಂಬ ನಿಯಮವೇನೂ ಇಲ್ಲ. ತಮ್ಮ ಮನೆಯ ಮೈಸೂರು ಪಾಕ್ ಇಟ್ಟರೆ ಸಂತೋಷಪಟ್ಟಾರು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಸಾಕು.