ಅಂಗಿಯ ಕತೆ ಸಾಕು, ನಟರನ್ನು ಕರೆತನ್ನಿ

ನಮಸ್ಕಾರ.

ಇಟಲಿಯ ಮುಖವಾಡದ ನಾಟಕಗಳ ಆಳು ಅರ್ಲೆಕಿನೊ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲಾಗದು. ಆದರೆ ವಿಷಯ ಕೈಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಎರಡು ಪ್ಯಾರಾ ಹಾಸ್ಯದ ಮಹತ್ವದ ಬಗ್ಗೆ. ಹೊಡೆದುಹಾಕಿ. ಆಮೇಲೆ ಅರ್ಲೆಕಿನೊನ ತೇಪೆ ಅಂಗಿ ಹುಟ್ಟಿದ್ದು ಹೇಗೆಂಬ ಕತೆ ಬರುತ್ತದೆ: ಕಾರ್ನಿವಲ್ ಹಬ್ಬಕ್ಕೆ ಹೊಸ ಬಟ್ಟೆಯಿಲ್ಲದ ಬಡಹುಡುಗನಿಗೆ ಗೆಳೆಯರೆಲ್ಲ ಬಟ್ಟೆಚೂರು ಕೊಟ್ಟರಂತೆ. ಅದು ಮಕ್ಕಳಿಗೆ ಹೇಳುವ ಕತೆ. ನೀವು ಇತಿಹಾಸವೆಂದೇ ಬರೆದಿದ್ದೀರಿ. ಹಳೆಯ ಚಿತ್ರಗಳಲ್ಲಿ ಅರ್ಲೆಕಿನೊನ ಅಂಗಿಯ ತೇಪೆಗಳು ಅಡ್ಡಾದಿಡ್ಡಿ. ನೀವು ಮೆಚ್ಚಿಕೊಂಡ ಡೈಮಂಡ್ ಆಕಾರದ ಅಚ್ಚುಕಟ್ಟು 17ನೇ ಶತಮಾನದ್ದು.

'ಬೆರ್ಗಾಮೊದಲ್ಲಿ ಹುಟ್ಟಿದವನು' ಅನ್ನುವುದು ಅರ್ಧ ಸರಿ. ಬೆರ್ಗಾಮೊ ಬೆಟ್ಟಸೀಮೆಯಿಂದ ವೆನಿಸ್‌ಗೆ ಮೂಟೆ ಹೊರಲು ಬರುತ್ತಿದ್ದ ಹಮಾಲರನ್ನು ಅಣಕಿಸಿ ಕಟ್ಟಿದ ಆಳು ಪಾತ್ರಗಳ ಸಾಲಿನವನು ಅವನು. ಆದರೆ ಆ ಹೆಸರು ಹೊತ್ತು ಅವನು ರಂಗಕ್ಕೆ ಬಂದ ಮೊದಲ ಕುರುಹು ಸಿಗುವುದು ಪ್ಯಾರಿಸ್‌ನಲ್ಲಿ, 1580ರ ದಶಕದಲ್ಲಿ. ಪಾತ್ರ ಮಾಡಿದವನು ಮಾಂಟುವಾ ಸೀಮೆಯ ತ್ರಿಸ್ತಾನೊ ಮಾರ್ಟಿನೆಲ್ಲಿ. ಈತನ ಹೆಸರೇ ನಿಮ್ಮ ಲೇಖನದಲ್ಲಿಲ್ಲ! 1601ರ ಹೊತ್ತಿಗೆ ಲಿಯಾನ್‌ನಲ್ಲಿ ಈತ ಅರ್ಲೆಕಿನೊ ಹೆಸರಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿ ಫ್ರಾನ್ಸ್‌ನ ರಾಜ ನಾಲ್ಕನೇ ಹೆನ್ರಿ ಮತ್ತು ರಾಣಿ ಮಾರಿಗೆ ಅರ್ಪಿಸಿದ. ಹೆಸರಿಗೆ ವಾಕ್ಚಾತುರ್ಯದ ಗ್ರಂಥ, ಒಳಗೆ ಬಹುಪಾಲು ಹಾಳೆ ಖಾಲಿ. ಉಳಿದವುಗಳಲ್ಲಿ ರಾಜನ ಹತ್ತಿರ ಚಿನ್ನದ ಸರ, ಪದಕದ ಬೇಡಿಕೆ. ನೀವು 'ಚತುರ, ಹೊಟ್ಟೆಬಾಕ, ನಿರ್ಲಜ್ಜ' ಎಂದು ಮೂರು ವಿಶೇಷಣ ಖರ್ಚು ಮಾಡಿದ್ದೀರಿ. ಈ ಖಾಲಿ ಪುಸ್ತಕವೊಂದೇ ಸಾಕಿತ್ತು. ಶುರು ಇಲ್ಲಿಂದಲೇ ಮಾಡಿ.

ವೆನಿಸ್‌ನ ನಾಟಕಕಾರ ಗೋಲ್ಡೋನಿ ಅರ್ಲೆಕಿನೊನನ್ನು ಸೃಷ್ಟಿಸಿದ ಎಂಬ ಸಾಲಂತೂ ಪೂರಾ ತಪ್ಪು. ಆತ 'ಇಬ್ಬರು ಯಜಮಾನರ ಸೇವಕ' ಬರೆದದ್ದು 1745ರ ಸುಮಾರಿಗೆ, ಆಂಟೋನಿಯೊ ಸಾಕ್ಕಿ ಎಂಬ ನಟನಿಗಾಗಿ. ಅದರಲ್ಲಿನ ಆಳಿನ ಹೆಸರು ಟ್ರುಫಾಲ್ಡಿನೊ. ಅರ್ಲೆಕಿನೊಗೆ ಆಗಲೇ ನೂರೈವತ್ತು ವರ್ಷ ಮೀರಿತ್ತು.

ಪೆದ್ದ ಆಳು ಜಾಣನಾದದ್ದು ಹೇಗೆ ಎಂದು ಕೇಳಿ ಉತ್ತರ ಕೊಡದೆ ಮುಂದೆ ಹೋಗಿದ್ದೀರಿ. ಅಲ್ಲಿ ನಟ ಡೊಮೆನಿಕೊ ಬಿಯಾಂಕೊಲೆಲ್ಲಿ ಬರಬೇಕು. ಪ್ಯಾರಿಸ್‌ನಲ್ಲಿ 14ನೇ ಲೂಯಿಯ ಕಾಲದಲ್ಲಿ ಆ ಪಾತ್ರಕ್ಕೆ ಮಾತಿನ ಮೊನೆ ಕೊಟ್ಟವನು ಅವನೇ. 1688ರಲ್ಲಿ ರಾಜನ ಮುಂದೆ ನೃತ್ಯಗುರುವೊಬ್ಬನನ್ನು ಅಣಕಿಸಿ ಕುಣಿದು, ಬೆವರಿದ ಬಟ್ಟೆಯಲ್ಲೇ ಉಳಿದು, ನ್ಯುಮೋನಿಯಾದಿಂದ ತೀರಿಕೊಂಡ ಎನ್ನುತ್ತಾರೆ.

18ನೇ ಶತಮಾನವನ್ನು ಇಷ್ಟುದ್ದ ಎಳೆಯಬೇಡಿ, ಓದುಗ ಎದ್ದು ಹೋಗುತ್ತಾನೆ. ನೇರ 1947ರ ಮಿಲಾನ್‌ಗೆ ಬನ್ನಿ. ಪಿಕ್ಕೊಲೊ ರಂಗಮಂದಿರದಲ್ಲಿ ನಿರ್ದೇಶಕ ಜಾರ್ಜೊ ಸ್ಟ್ರೆಲರ್ ಗೋಲ್ಡೋನಿಯ ಆ ನಾಟಕ ಎತ್ತಿಕೊಂಡು ಆಳಿಗೆ ಅರ್ಲೆಕಿನೊ ಅಂತಲೇ ಹೆಸರಿಟ್ಟರು. ಪಾತ್ರಧಾರಿ ಮಾರ್ಚೆಲ್ಲೊ ಮೊರೆತ್ತಿಗೆ ಮುಖವಾಡ ಸರಿಬರದೆ ಮೊದಮೊದಲು ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡೇ ಆಡುತ್ತಿದ್ದರು. ಆಮೇಲೆ ಶಿಲ್ಪಿ ಅಮ್ಲೆತೊ ಸಾರ್ತೋರಿ, ಮರದ ಅಚ್ಚಿನ ಮೇಲೆ ಒದ್ದೆ ತೊಗಲನ್ನು ಬಡಿದು ಕೂರಿಸುವ ಹಳೆಯ ವಿದ್ಯೆಯನ್ನು ಮತ್ತೆ ರೂಢಿಗೆ ತಂದು, ಹಗುರ ಮುಖವಾಡ ಮಾಡಿಕೊಟ್ಟರು. ಮೊರೆತ್ತಿ ನಂತರ ಫೆರುಚೊ ಸೊಲೆರಿ ಅದೇ ಪಾತ್ರವನ್ನು ದಶಕಗಟ್ಟಲೆ ಆಡಿದರು. ನಿಮ್ಮಲ್ಲಿ ಇದೆಲ್ಲ ಒಂದೇ ಸಾಲು.

ಕೊನೆಯ ಭಾಗದ ಯಕ್ಷಗಾನದ ಹಾಸ್ಯಗಾರರ ಹೋಲಿಕೆ ಬಿಡಿ. ಎರಡೂ ಕಡೆ ನಗಿಸುತ್ತಾರೆ ಅನ್ನುವುದು ಬಿಟ್ಟರೆ ನೀವು ಅಲ್ಲಿ ಏನನ್ನೂ ತೋರಿಸಿಲ್ಲ.

ಸಾವಿರ ಪದದೊಳಗೆ ಮತ್ತೆ ಬರೆಯಿರಿ. ಯೂನಿಕೋಡ್‌ನಲ್ಲೇ ಕಳಿಸಿ, ಈ ಸಲದ ಒತ್ತಕ್ಷರಗಳೆಲ್ಲ ನಮ್ಮಲ್ಲಿ ಚೆಲ್ಲಾಪಿಲ್ಲಿಯಾಗಿವೆ.